ಹಳೇ ರೈಫಲ್‌ಗೆ ಹೊಸ ಬ್ಯಾರಲ್ ಹಾಕಿಸಬೇಕಾ?

ಪ್ರಶ್ನೆ: ಅಪ್ಪಾಜಿಯವರ .315 ರೈಫಲ್ ಈಗ ನನ್ನ ಲೈಸೆನ್ಸ್ ಮೇಲಿದೆ. ಇತ್ತೀಚೆಗೆ ರೇಂಜಿನಲ್ಲಿ ಬೋರ್ಡಿಗೆ ಹೊಡೆದರೆ ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ. ಪರಿಚಯದವರೊಬ್ಬರು ದಪ್ಪನೆಯ ಹೊಸ ಬ್ಯಾರಲ್ ಹಾಕಿಸು ಅಂತಾರೆ. ಅಷ್ಟು ಖರ್ಚು ಮಾಡಬಹುದಾ ಸರ್?
– ಓದುಗರು, ಚಿಂಚೋಳಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ. ಕಲಬುರಗಿಯಲ್ಲಿ ಪೊಲೀಸ್ ಆರ್ಮರರ್ ಆಗಿ ರೈಫಲ್ ಬಿಚ್ಚಿ ಜೋಡಿಸುತ್ತಲೇ ಸರ್ವಿಸ್ ಮುಗಿಸಿದವನು ನಾನು. ನೀವು ಬರೆದದ್ದು ಓದಿದರೆ ಬ್ಯಾರಲ್‌ಗಿಂತ ಮೊದಲು ಸ್ಕ್ರೂ ಮೇಲೆ ಅನುಮಾನ ಬರುತ್ತೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತೆ ಅಲ್ವಾ? ರೈಫಲ್‌ನ ಕಬ್ಬಿಣ ಕೂತಿರುವ ಕಟ್ಟಿಗೆ ಒಣಗಿ ಕುಗ್ಗುತ್ತೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತೆ. ಕಟ್ಟಿಗೆ ಹಿಡಿತ ಬಿಟ್ಟರೆ ಪ್ರತಿ ಗುಂಡಿಗೂ ರೈಫಲ್ ಬೇರೆ ಬೇರೆ ಥರ ಕೂರುತ್ತೆ. ಟ್ರಿಗರ್ ಗಾರ್ಡ್ ಮುಂದಿನ ಸ್ಕ್ರೂ ಬಿಗಿಯಾಗಿದೆಯಾ, ಫೋರ್‌ಸೈಟ್ (ಬ್ಯಾರಲ್ ತುದಿಯಲ್ಲಿರುವ ಗುರಿ ನೋಡುವ ಮೊನೆ) ಅಲ್ಲಾಡುತ್ತಾ, ಇವೆರಡನ್ನು ಮೊದಲು ನೋಡಿಸಿ.

ಗುಂಡು ಹೊಡೆದು ಹೊಡೆದು .315 ಬ್ಯಾರಲ್ ಸವೆಯಬೇಕೆಂದರೆ ಸಾವಿರಾರು ರೌಂಡ್ ಬೇಕು. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು ಅನ್ನೋದು ಲೈಸೆನ್ಸಿನಲ್ಲೇ ಇದೆ. ಮನೆಯಲ್ಲಿಟ್ಟ ರೈಫಲ್ ಅಷ್ಟು ಹೊಡೆಯೋದೇ ಇಲ್ಲ. ನಮ್ಮ ಕಡೆ ಬ್ಯಾರಲ್ ಹಾಳಾಗೋದು ತುಕ್ಕಿನಿಂದ. ಚರ್ಮದ ಕವರಿನಲ್ಲಿ ಹಾಕಿ ವರ್ಷಗಟ್ಟಲೆ ಬೀರುವಿನಲ್ಲಿ ಇಡುತ್ತಾರೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ, ಒಳಗೆ ತುಕ್ಕು ಕಬ್ಬಿಣವನ್ನು ತಿನ್ನುತ್ತೆ.

ಇನ್ನೊಂದು ಕಾರಣ ಪುಲ್‌ಥ್ರೂ, ಅಂದರೆ ಬ್ಯಾರಲ್ ಒಳಗೆ ಎಳೆದು ಒರೆಸುವ ಹಗ್ಗ. ಚಿಂದಿ ಕಟ್ಟಿ ಹಗ್ಗವನ್ನು ಓರೆಯಾಗಿ ಎಳೆದರೆ ಅದು ಬ್ಯಾರಲ್ ಬಾಯಿಯ ಒಂದೇ ಅಂಚನ್ನು ಉಜ್ಜುತ್ತಾ ಹೋಗುತ್ತೆ. ಗುಂಡು ಕೊನೆಗೆ ಮುಟ್ಟಿ ಬಿಡೋದು ಆ ಅಂಚನ್ನೇ. ಅಲ್ಲಿ ಒಂದು ಕಡೆ ಸವೆದರೆ ಗುಂಡು ಹೊರಬೀಳುವಾಗ ವಾಲುತ್ತೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಬೋಲ್ಟ್ (ಬ್ಯಾರಲ್ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ತೆಗೆದಿಟ್ಟು, ಹತ್ತಿಯನ್ನು ಬಾಯಿಯ ಸುತ್ತ ಮೆಲ್ಲಗೆ ಸವರಿ. ಎಳೆ ಸಿಕ್ಕಿಕೊಂಡ ಕಡೆ ಅಂಚು ಮುರಿದಿದೆ ಅಂತ ತಿಳಿಯಿರಿ. ಆಮೇಲೆ ಬೋಲ್ಟ್ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಬ್ಯಾರಲ್ ಒಳಗೆ ಕೊರೆದ ಸುರುಳಿ ಗೆರೆಗಳು ಚೂಪಾಗಿ ಕಂಡರೆ ಬ್ಯಾರಲ್‌ಗೆ ಇನ್ನೂ ಆಯುಸ್ಸಿದೆ. ಮಸುಕಾಗಿದ್ದರೂ ಗಾಬರಿ ಬೇಡ, ಗುಂಡಿನ ತಾಮ್ರ ಅಂಟಿರಬಹುದು. ತಾಮ್ರ ಕರಗಿಸುವ ಸಾಲ್ವೆಂಟ್ ಹಾಕಿ ಉಜ್ಜಿದರೆ ಚಿಂದಿ ನೀಲಿ-ಹಸಿರಾಗಿ ಬರುತ್ತೆ. ಆ ಬಣ್ಣ ನಿಲ್ಲೋವರೆಗೂ ಬಿಡದೆ ಮಾಡಿ. ಬಾಯಿಯ ಅಂಚು ಮಾತ್ರ ಕೆಟ್ಟಿದ್ದರೆ ತಿಳಿದ ಕೆಲಸಗಾರರು ಅದಷ್ಟನ್ನೇ ಸರಿ ಮಾಡುತ್ತಾರೆ.

ಬ್ಯಾರಲ್ ಬದಲಿಸೋದು ಲೇಥ್ ಅಂಗಡಿಯ ಕೆಲಸ ಖಂಡಿತ ಅಲ್ಲ. ತೋಟಾಗೂ ಬೋಲ್ಟ್ ಮುಖಕ್ಕೂ ನಡುವಿನ ಅಂತರವನ್ನು ಗೇಜ್ ಹಾಕಿ ನೋಡಬೇಕು. ಅದು ಜಾಸ್ತಿಯಾದರೆ ತೋಟಾದ ಹಿತ್ತಾಳೆ ಸೀಳಿ ಬಿಸಿ ಗ್ಯಾಸ್ ಹೊಡೆಯುವವರ ಮುಖಕ್ಕೇ ಬರುತ್ತೆ. ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ, ರಿಪೇರಿ ಮಾಡೋರಿಗೂ ಲೈಸೆನ್ಸ್ ಬೇಕು. ನಿಮ್ಮ ಪರಿಚಯದವರು ಯಾರ ಕೈಲಿ ಮಾಡಿಸು ಅಂದರೋ ಗೊತ್ತಿಲ್ಲ. ಲೈಸೆನ್ಸ್ ಇಲ್ಲದವರ ಕೈಗೆ ದಯವಿಟ್ಟು ರೈಫಲ್ ಕೊಡಬೇಡಿ.

ದಪ್ಪ ಬ್ಯಾರಲ್ ಸ್ಪರ್ಧೆಯವರಿಗೆ ಸರಿ. ಅವರು ಸಾಲಾಗಿ ಹೊಡೆಯುತ್ತಾರೆ, ದಪ್ಪ ಬ್ಯಾರಲ್ ನಿಧಾನವಾಗಿ ಬಿಸಿಯಾಗುತ್ತೆ. ನಿಮಗೆ ಅದು ಸುಮ್ನೆ ಭಾರ. ಆದರೆ ಬ್ಯಾರಲ್ ಎಲ್ಲಾದರೂ ಉಬ್ಬಿದ್ದರೆ, ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಒಂದು ಗುಂಡೂ ಹೊಡೆಯಬೇಡಿ. ಆಗ ಲೈಸೆನ್ಸ್ ಇರುವ ಡೀಲರ್‌ಗೆ ತೋರಿಸಿ, ಡಿಸಿ ಆಫೀಸಿನಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಅಂಥದ್ದೇನೂ ಇಲ್ಲದಿದ್ದರೆ ಸ್ಕ್ರೂ ಬಿಗಿ ಮಾಡಿಸಿ, ತೊಳೆದು, ಒಂದೇ ಲಾಟಿನ (ಒಟ್ಟಿಗೆ ತಯಾರಾದ) ತೋಟಾ ತಗೊಂಡು ರೇಂಜಿಗೆ ಹೋಗಿ. ಮರಳು ಚೀಲದ ಮೇಲಿಟ್ಟು ಐದು ಗುಂಡು ಹೊಡೆಯಿರಿ. ಬೋರ್ಡಿನ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ.