ಮನೆಯಿಂದ ಕೆಲಸ ಮಾಡಲು ಸ್ಟ್ಯಾಂಡಿಂಗ್ ಡೆಸ್ಕ್ ಕೊಳ್ಳುವಾಗ ಏನು ನೋಡಬೇಕು?

ಸ್ಟ್ಯಾಂಡಿಂಗ್ ಡೆಸ್ಕ್ ಅಂದ್ರೆ ಕೂತೂ ನಿಂತೂ ಕೆಲಸ ಮಾಡೋಕೆ ಮೋಟಾರಿನಿಂದ ಏರಿಳಿಸುವ ಮೇಜು. ಅದು ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನೋದಕ್ಕಿಂತ ಎಷ್ಟು ಕೆಳಗೆ ಇಳಿಯುತ್ತದೆ ಅಂತ ಮೊದಲು ನೋಡಿ. ಎರಡು ಹಂತದ ಕಾಲಿನವು (ಅಂದ್ರೆ ಕಾಲಿನಲ್ಲಿ ಒಂದರೊಳಗೊಂದು ಸರಿಯುವ ಎರಡು ಕೊಳವೆ ಇರೋವು) ಸಾಮಾನ್ಯವಾಗಿ 70 ಸೆಂ.ಮೀ. ಆಸುಪಾಸಿನಲ್ಲೇ ನಿಂತುಬಿಡುತ್ತವೆ. ಐದಡಿ ಎರಡಿಂಚಿನವರು ಕೂತಾಗ ಅದು ಎತ್ತರವೇ; ಭುಜ ಎತ್ತಿಕೊಂಡೇ ಟೈಪ್ ಮಾಡಬೇಕಾಗುತ್ತೆ. ಮೂರು ಹಂತದ್ದು 60ರ ಹತ್ತಿರಕ್ಕೆ ಇಳಿಯುತ್ತದೆ, ಬೆಲೆಯೂ ಜಾಸ್ತಿ.

ಮನೆಯಲ್ಲಿ ಬರಿಗಾಲಲ್ಲೇ ಇರ್ತೀವಲ್ಲ, ಹಾಗೇ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಟೇಪ್ ಹಿಡಿಯಿರಿ. ಕೂತೂ ಅಳೆಯಿರಿ. ಎರಡೂ ಅಳತೆ ಮೇಜಿನ ವ್ಯಾಪ್ತಿಯೊಳಗೆ ಬರಬೇಕು. ಕಂಪನಿ ಕೊಟ್ಟ ಅಳತೆ ಬರೀ ಕಾಲಿನದ್ದಾದರೆ ಹಲಗೆಯ ದಪ್ಪ ಕೂಡಿಸಿಕೊಳ್ಳಿ.

ಎರಡು ಮಾನಿಟರ್ ಇಡೋದಾದರೆ ಎರಡು ಮೋಟಾರಿನದ್ದೇ ಇರಲಿ. ಅಂಗಡಿಯಲ್ಲಿ ಪೂರ್ತಿ ಮೇಲೆತ್ತಿಸಿ ಅಲುಗಾಡಿಸಿ ನೋಡಿ. ಕರೆಂಟ್ ಹೋದರೆ ಮೇಜು ಇದ್ದಲ್ಲೇ ಇರುತ್ತೆ, ಯುಪಿಎಸ್ ಪಾಯಿಂಟ್ ಹತ್ತಿರವಿದ್ದರೆ ಅನುಕೂಲ.