ಒಂದೇ ದಿನದ ಸಫಾರಿ: ಬಂಡೀಪುರವೋ, ರಂಗನತಿಟ್ಟೋ?

ಪ್ರಶ್ನೆ: ನಮ್ಮದು ಐದು ಜನರ ಕುಟುಂಬ. ಅತ್ತೆಯವರಿಗೆ ಮಂಡಿನೋವಿದೆ, ಮಕ್ಕಳಿಗೆ ಒಂಬತ್ತು ಮತ್ತು ಆರು ವರ್ಷ. ಬೆಳಗಿನ ಜಾವ ಐದಕ್ಕೆ ಮನೆಬಾಗಿಲಿನಿಂದ ಕರೆದೊಯ್ದು, ಬಂಡೀಪುರದಲ್ಲಿ ಸಫಾರಿ ಮಾಡಿಸಿ, ಅದೇ ರಾತ್ರಿ ವಾಪಸು ತಂದು ಬಿಡುವ ಪ್ಯಾಕೇಜಿನ ಜಾಹೀರಾತು ನೋಡಿದೆವು. ಗೈಡ್ ಜೊತೆಗಿರುತ್ತಾರೆ, ‘ಹುಲಿ ದರ್ಶನ ಖಚಿತ’ ಎಂದೂ ಅದರಲ್ಲಿದೆ. ನಮ್ಮ ಯಜಮಾನರಿಗೆ ಎರಡು ದಿನ ರಜೆ ಸಿಗುವುದು ಕಷ್ಟ. ಹೋಗಬಹುದೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಹೋಗಲೇಬಾರದೆಂದು ಹೇಳುವುದಿಲ್ಲ, ಆದರೆ ‘ಖಚಿತ’ ಎಂಬ ಮಾತನ್ನು ಮೊದಲು ಬದಿಗಿಡಿ. ಟೂರಿನವರ ಗಾಡಿ ನಿಮ್ಮನ್ನು ಟಿಕೆಟ್ ಕೌಂಟರಿನವರೆಗೆ ತಲುಪಿಸಬಲ್ಲದೇ ಹೊರತು ಸಫಾರಿ ದಾರಿಗೆ ಇಳಿಯುವಂತಿಲ್ಲ. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ಬಸ್ಸು ಅಥವಾ ಜೀಪಿನಲ್ಲೇ ಹೋಗಬೇಕು. ಆದ್ದರಿಂದ ಅವರ ಗೈಡ್ ಕಾಡಿನೊಳಗೂ ಬರುತ್ತಾರೆಯೇ ಅಥವಾ ಗೇಟಿನ ಬಳಿ ಕಾಫಿ ಕುಡಿಯುತ್ತ ಕಾಯುತ್ತಾರೆಯೇ, ಟಿಕೆಟ್ ಮುಂಗಡವಾಗಿ ಆಗಿದೆಯೇ, ಅದು ಬಸ್ಸಿನದೋ ಜೀಪಿನದೋ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಸಫಾರಿ ರದ್ದಾದರೆ ದುಡ್ಡು ವಾಪಸು ಬರುತ್ತದೆಯೇ ಎಂಬುದನ್ನೂ ಕೇಳಿ. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆ ಎರಡರಲ್ಲೂ ಸಫಾರಿಯನ್ನು ನಿಲ್ಲಿಸಿತ್ತು. ಹೊರಡುವ ವಾರ ಸಫಾರಿ ನಡೆಯುತ್ತಿದೆಯೇ ಎಂದು ನೀವೇ ವಿಚಾರಿಸಿಕೊಳ್ಳುವುದು ಕ್ಷೇಮ.

ಹುಲಿಯ ವಿಷಯಕ್ಕೆ ಬರೋಣ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು, ಬಂಡೀಪುರವೊಂದರಲ್ಲೇ 150. ಸಂಖ್ಯೆ ದೊಡ್ಡದೇ. ಆದರೆ ಪ್ರವಾಸಿಗರಿಗೆ ತೆರೆದಿರುವುದು ಆ ಕಾಡಿನ ಒಂದು ಸಣ್ಣ ಭಾಗ ಮಾತ್ರ, ಏಕೆಂದರೆ ಹುಲಿ ಮೀಸಲು ಪ್ರದೇಶದ ಒಳಗಾಡಿನಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸೋದ್ಯಮಕ್ಕೆ ಬಿಡುವಂತಿಲ್ಲವೆಂಬ ನಿಯಮವಿದೆ. ಹುಲಿಗೆ ಆ ಗೆರೆಯ ಪರಿವೆಯಿಲ್ಲ. ಬಿಸಿಲೇರಿದ ಮೇಲೆ ಅದು ಲಂಟಾನದ ಪೊದೆಯಲ್ಲೋ ನೀರಿನ ಪಕ್ಕದಲ್ಲೋ ಮಲಗಿಬಿಟ್ಟರೆ ಹತ್ತು ಮಾರು ದೂರದಲ್ಲಿ ಜೀಪು ಹಾದುಹೋದರೂ ನಮಗೆ ಗೊತ್ತಾಗುವುದಿಲ್ಲ.

ನಿಜವಾದ ತೊಡಕಿರುವುದು ಹೊತ್ತಿನ ಲೆಕ್ಕಾಚಾರದಲ್ಲಿ. ಕಾಡುಪ್ರಾಣಿಗಳು ಓಡಾಡುವುದು ಮುಂಜಾನೆ ಮತ್ತು ಸಂಜೆ, ಸಫಾರಿ ನಡೆಯುವುದೂ ಆಗಲೇ. ಬೆಂಗಳೂರಿನಿಂದ ಬಂಡೀಪುರಕ್ಕೆ ಸುಮಾರು 220 ಕಿಲೋಮೀಟರ್. ಐದಕ್ಕೆ ಹೊರಟರೂ ನೀವು ತಲುಪುವ ವೇಳೆಗೆ ಬೆಳಗಿನ ಸಫಾರಿ ಮುಗಿದಿರುತ್ತದೆ. ಮಧ್ಯಾಹ್ನದ ಸರದಿಗಾಗಿ ಕಾದು ಕುಳಿತು, ಕತ್ತಲಾಗುವಾಗ ಕಾಡಿನಿಂದ ಹೊರಬಂದು, ಮತ್ತೆ ಅಷ್ಟೇ ದಾರಿ ಹಿಂದಿರುಗಬೇಕು. ಕಾಡಿನಲ್ಲಿ ಕಳೆಯುವ ಕೆಲವೇ ಗಂಟೆಗಳಿಗಾಗಿ ಮಂಡಿನೋವಿನವರನ್ನು ಹತ್ತು ಗಂಟೆ ಗಾಡಿಯಲ್ಲಿ ಕೂರಿಸುವುದು ಸರಿಯೆಂದು ನಮಗೆ ತೋರುವುದಿಲ್ಲ. ಬಂಡೀಪುರವೇ ಬೇಕೆಂದಿದ್ದರೆ ರಜೆ ಕೂಡಿಬರುವವರೆಗೆ ಕಾಯಿರಿ. ಹಿಂದಿನ ರಾತ್ರಿ ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ತಂಗಿ, ಬೆಳಗಿನ ಮೊದಲ ಗಾಡಿ ಹಿಡಿಯಿರಿ. ಆಗ ಕಡವೆ, ಕಾಡೆಮ್ಮೆ, ಆನೆ, ಅದೃಷ್ಟವಿದ್ದರೆ ಸೀಳುನಾಯಿಗಳ ಹಿಂಡು ಕಾಣಸಿಗುತ್ತವೆ. ಚಾಲಕರು ಎಂಜಿನ್ ಆರಿಸಿದಾಗ ಮಕ್ಕಳಿಗೆ ಸುಮ್ಮನಿರಲು ಹೇಳಿ. ಮೇಯುತ್ತಿದ್ದ ಜಿಂಕೆಯೊಂದು ಬಾಲವೆತ್ತಿ, ಮುಂಗಾಲನ್ನು ನೆಲಕ್ಕೆ ಬಡಿದು, ಒಂದೇ ದಿಕ್ಕಿಗೆ ನೋಡುತ್ತ ಕೂಗಿದರೆ, ಮರದ ತುದಿಯಿಂದ ಮುಸುವ ಅದಕ್ಕೆ ದನಿಗೂಡಿಸಿದರೆ, ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಎಂದರ್ಥ. ಪ್ರಾಣಿ ಕಾಣದಿದ್ದರೂ ಆ ಐದು ನಿಮಿಷವನ್ನು ಮಕ್ಕಳು ಮರೆಯುವುದಿಲ್ಲ.

ಒಂದೇ ದಿನವಾದರೆ ನಮ್ಮ ಸಲಹೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೆ ಎರಡೂವರೆ ಗಂಟೆಯ ಆಸುಪಾಸಿನ ದಾರಿ, ಹುಲಿಯ ಆಸೆಯೊಂದನ್ನು ಬಿಟ್ಟರೆ ನೀವು ಕಳೆದುಕೊಳ್ಳುವುದೇನೂ ಇಲ್ಲ. ಕಾವೇರಿಗೆ 17ನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದಾದ ಈ ನಡುಗಡ್ಡೆಗಳನ್ನು ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಅದು ಮಹತ್ವದ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್‌ಗೂ ಸೇರಿತು. ದೋಣಿ ಹತ್ತುವಾಗ ಅತ್ತೆಯವರಿಗೆ ಕೈಯಾಸರೆ ಕೊಟ್ಟರೆ ಸಾಕು, ಆಮೇಲೆ ಕೂತಲ್ಲೇ ಎಲ್ಲವೂ ಕಾಣುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಕಂಡು ಮಕ್ಕಳು ಹೆದರಿದರೆ, ಅದು ಗದರಿಸುತ್ತಿಲ್ಲ, ಮೈಯ ಕಾವು ಇಳಿಸಿಕೊಳ್ಳುತ್ತಿದೆ ಎಂದು ಹೇಳಿ. ಜನವರಿಯಿಂದ ಮೇವರೆಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚಕೊಕ್ಕುಗಳು ಮರಿಗಳಿಗೆ ಗುಟುಕು ಕೊಡುವುದನ್ನು ದೋಣಿಯಿಂದಲೇ ನೋಡಬಹುದು. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ಇರುವುದಿಲ್ಲ; ಮಳೆಗಾಲದಲ್ಲಾದರೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಮಕ್ಕಳು ಹುಲಿಗಾಗಿ ಹಠ ಹಿಡಿದರೆ ಬನ್ನೇರುಘಟ್ಟವಿದ್ದೇ ಇದೆ, ಮಂಗಳವಾರ ಮಾತ್ರ ರಜೆ. ಅಲ್ಲಿನ ಸಫಾರಿ ಬೇಲಿಯೊಳಗಿನದು ಎಂಬುದನ್ನು ಅವರಿಗೆ ಮುಚ್ಚಿಡಬೇಕಿಲ್ಲ. ಸರ್ಕಸ್ಸುಗಳಿಂದ, ಕರಡಿ ಕುಣಿಸುವವರಿಂದ ಬಿಡಿಸಿ ತಂದ ಎಷ್ಟೋ ಪ್ರಾಣಿಗಳಿಗೆ ಆ ಜಾಗ ಆಸರೆಯಾಗಿದೆ, ಮಕ್ಕಳಿಗೆ ಆ ಕಥೆಯನ್ನೂ ಹೇಳಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಕಾಡು ಒಣಗಿರುತ್ತದೆ. ಕಬಿನಿಗೆ ಮಳೆಗಾಲದಲ್ಲಿ ಹೋಗುವುದು ಒಳ್ಳೆಯದಲ್ಲವೇ?
– ಓದುಗರೊಬ್ಬರು, ಜಯನಗರ

ಉತ್ತರ: ಹಸಿರು ನೋಡುವುದಕ್ಕಾದರೆ ಹೌದು, ಪ್ರಾಣಿ ನೋಡುವುದಕ್ಕಾದರೆ ಅಲ್ಲ. ಮಳೆಗಾಲದಲ್ಲಿ ಎಲ್ಲೆಡೆ ನೀರು, ಮೇವು ಸಿಗುವುದರಿಂದ ಪ್ರಾಣಿಗಳು ಚದುರಿಹೋಗುತ್ತವೆ, ಪೊದೆಗಳೂ ದಟ್ಟವಾಗುತ್ತವೆ. ಮಾರ್ಚ್‌ನಿಂದ ಮೇವರೆಗೆ ಕಬಿನಿಯ ಹಿನ್ನೀರು ಇಳಿದು, ತೆರವಾದ ನೆಲದಲ್ಲಿ ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಧೂಳಿಗೆ ಮೂಗು ಮುಚ್ಚಲೊಂದು ಬಟ್ಟೆ, ಸ್ಟೀಲ್ ಬಾಟಲಿಯಲ್ಲಿ ನೀರು ಇಟ್ಟುಕೊಂಡು ಏಪ್ರಿಲ್‌ನಲ್ಲಿ ಹೋಗಿ.