ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹೆಸರಿನ ವ್ಯತ್ಯಾಸದ ಬಗ್ಗೆ

ಆಧಾರ್‌ನಲ್ಲಿ ಒಕ್ಕದ (ಕೊಡವ ಮನೆತನದ) ಹೆಸರು ಪೂರ್ತಿಯಾಗಿಯೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್ ಆಗಿಯೂ ಇರುವುದರಿಂದ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ತಮ್ಮ ಮಗಳ ಅರ್ಜಿ ಪರಿಶೀಲನೆಯಲ್ಲೇ ನಿಂತಿದೆ, ಯಾವುದನ್ನು ತಿದ್ದಿಸಬೇಕು ಎಂದು ಕೇಳಿದ್ದೀರಿ. ಮನೆಹೆಸರನ್ನು ಮುಂದೆ ಬರೆಯುವ ನಮ್ಮ ಕೊಡಗಿನಲ್ಲಿ ಇದು ಹೊಸ ತೊಡಕೇನಲ್ಲ.

ನನ್ನ ಅಭಿಪ್ರಾಯದಲ್ಲಿ ಅಂಕಪಟ್ಟಿಯನ್ನು ಮುಟ್ಟದೆ, ಅದರಲ್ಲಿರುವಂತೆಯೇ ಆಧಾರ್ ಅನ್ನು ತಿದ್ದಿಸುವುದು ಒಳ್ಳೆಯದು. ಏಕೆಂದರೆ ಮುಂದಿನ ಪದವಿ ದಾಖಲೆಗಳೆಲ್ಲ ಅಂಕಪಟ್ಟಿಯ ಹೆಸರನ್ನೇ ಅನುಸರಿಸುತ್ತವೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಅವಕಾಶಗಳು ಮಾತ್ರ ಇರುವುದರಿಂದ, ಪ್ರತಿ ಅಕ್ಷರವನ್ನೂ ಇನಿಶಿಯಲ್ ಹಿಂದಿದೆಯೋ ಮುಂದಿದೆಯೋ ಎಂಬುದನ್ನೂ ನೋಡಿಕೊಂಡೇ ಅರ್ಜಿ ಕೊಡಿ. ಅದಕ್ಕೂ ಮೊದಲು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದವರನ್ನು ಒಮ್ಮೆ ವಿಚಾರಿಸಿ; ಎಷ್ಟೋ ಸಲ ಅರ್ಜಿ ನಿಂತಿರುವುದು ಹೆಸರಿಗಲ್ಲ, ಇ-ದೃಢೀಕರಣ (ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸುವುದು) ಬಾಕಿಯಿರುವುದಕ್ಕೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನೂ (ಪತ್ರದ ಮೇಲಿರುವ, ಆರ್‌ಡಿ ಎಂದು ಶುರುವಾಗುವ ಸಂಖ್ಯೆ) ಅರ್ಜಿಯಲ್ಲಿರುವುದರೊಂದಿಗೆ ತಾಳೆ ನೋಡಿ. ಆದಾಯ ಪತ್ರದ ಅವಧಿ 5 ವರ್ಷ. ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಕಾಫಿ, ಕಾಳುಮೆಣಸಿನ ವರಮಾನವನ್ನು ಮರೆಮಾಚದೆ ಹೇಳುವುದೇ ಲೇಸು.

ಕೊನೆಯದಾಗಿ, ಹಣ ಜಮೆಯಾಗುವುದು ಆಧಾರ್‌ಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ. ಅದು ಮಗಳದೇ ಹೆಸರಿನಲ್ಲಿದ್ದು ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಬೇರೊಂದು ಪಾಸ್‌ಬುಕ್ಕಿನ ಪ್ರತಿ ಕೊಟ್ಟ ಮಾತ್ರಕ್ಕೆ ಹಣ ಆ ಖಾತೆಗೆ ಬರುವುದಿಲ್ಲ.